ಊರಾಚೆಯ ಹೊಸ ಹೆದ್ದಾರಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ಈಗ ಮದುವೆ ಮನೆಯಲ್ಲಾಗಲಿ ತಿಥಿ ಮನೆಯಲ್ಲಾಗಲಿ ಮಾತು ಕಡೆಗೆ ಬಂದು ನಿಲ್ಲುವುದು ರಸ್ತೆಯ ಹತ್ತಿರವೇ. ಎಲೆ ಮುಂದೆ ಕೂತವರು "ನಿಮ್ಮ ಸರ್ವೆ ನಂಬರು ಹೋಯ್ತಾ?" ಅಂತ ಕೇಳುವುದು ಕುಶಲ ವಿಚಾರಿಸಿದಷ್ಟೇ ಸಲೀಸಾಗಿದೆ. ಪಹಣಿ ಮತ್ತು ನಕ್ಷೆ ಓದಲು ಬರುತ್ತದೆ ಎನ್ನುವ ಒಂದೇ ಕಾರಣಕ್ಕೆ ನೆಂಟರು, ಪರಿಚಯದವರು ನನ್ನನ್ನು ಕೇಳಿರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನಾನು ವಕೀಲನಲ್ಲ. ಕೋರ್ಟು ಮೆಟ್ಟಿಲು ಹತ್ತುವ ವಿಷಯವಾದರೆ ಭೂಸ್ವಾಧೀನದ ಕೇಸು ನಡೆಸಿ ಗೊತ್ತಿರುವ ವಕೀಲರನ್ನೇ ಕಾಣಿ.

ಬೆಂಗಳೂರಿನ ಸುತ್ತ ಎಷ್ಟು ರಿಂಗ್ ರೋಡ್? ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ.

ಒಳಗಿನಿಂದ ಎಣಿಸಿಕೊಂಡು ಬನ್ನಿ. ಮೊದಲನೆಯದು ಹೊರ ವರ್ತುಲ ರಸ್ತೆ, ಸುಮಾರು 60 ಕಿ.ಮೀ. ಮಾರತಹಳ್ಳಿ, ಹೆಬ್ಬಾಳ, ಸಿಲ್ಕ್ ಬೋರ್ಡ್ ಎಲ್ಲ ಇದರ ಮೇಲೇ ಇವೆ. ಅದರಾಚೆ ತುಮಕೂರು ರಸ್ತೆಯಿಂದ ಹೊಸೂರು ರಸ್ತೆವರೆಗೆ ಪಶ್ಚಿಮ ಮತ್ತು ದಕ್ಷಿಣ ದಿಕ್ಕಿನ ಅರ್ಧ ಸುತ್ತನ್ನು ನೈಸ್ ರಸ್ತೆ ಮುಗಿಸಿದೆ, ಅದು 41 ಕಿ.ಮೀ. ಉಳಿದರ್ಧ, ಅಂದರೆ ತುಮಕೂರು ರಸ್ತೆಯಿಂದ ಬಳ್ಳಾರಿ ರಸ್ತೆ, ಹಳೆ ಮದ್ರಾಸ್ ರಸ್ತೆಗಳನ್ನು ದಾಟಿ ಮತ್ತೆ ಹೊಸೂರು ರಸ್ತೆಗೆ ಬಂದು ಸೇರಬೇಕಾದದ್ದು, ಪೆರಿಫೆರಲ್ ರಿಂಗ್ ರೋಡ್. ಎಲ್ಲರ ಬಾಯಲ್ಲೂ ಅದು ಪಿಆರ್‌ಆರ್. ಸರ್ಕಾರ ಇತ್ತೀಚೆಗೆ ಬೆಂಗಳೂರು ಬಿಸಿನೆಸ್ ಕಾರಿಡಾರ್ ಅಂತ ಹೆಸರು ಬದಲಿಸಿದೆ. ಊರಿನವರಿಗೆ ಅದು ಈಗಲೂ ಪಿಆರ್‌ಆರೇ.

ಇನ್ನೂ ಹೊರಗೆ ಉಪನಗರ ವರ್ತುಲ ರಸ್ತೆ, ಎಸ್‌ಟಿಆರ್‌ಆರ್. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ಆನೇಕಲ್, ಕನಕಪುರ, ರಾಮನಗರ, ಮಾಗಡಿ ಹೀಗೆ ಸುತ್ತಿ ಬರುತ್ತದೆ. ಸುಮಾರು 280 ಕಿ.ಮೀ. ಉದ್ದ, ಹೊಸೂರಿನ ಕಡೆ ಸ್ವಲ್ಪ ದೂರ ತಮಿಳುನಾಡಿನ ಒಳಗೂ ಹಾಯುತ್ತದೆ. ಇದು ರಾಷ್ಟ್ರೀಯ ಹೆದ್ದಾರಿ 948ಎ. ದಾಬಸ್‌ಪೇಟೆಯಿಂದ ಹೊಸಕೋಟೆವರೆಗಿನ ಸುಮಾರು 80 ಕಿ.ಮೀ. ಓಡಾಟಕ್ಕೆ ತೆರೆದಿದೆ, ಟೋಲೂ ಕಟ್ಟಬೇಕು.

ನಿಮಗೆ ಬಂದ ನೋಟಿಸು ಇವುಗಳಲ್ಲಿ ಯಾವುದಕ್ಕೆ ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಿ. ಪಿಆರ್‌ಆರ್ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಕಾಯ್ದೆಯಡಿ ಬರುತ್ತದೆ, ಎಸ್‌ಟಿಆರ್‌ಆರ್ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಡಿ. ಕಾಯ್ದೆ ಬೇರೆಯಾದರೆ ಗಡುವು ಬೇರೆ, ಪರಿಹಾರದ ಲೆಕ್ಕ ಬೇರೆ, ಅರ್ಜಿ ಕೊಡುವ ಕಚೇರಿಯೂ ಬೇರೆ. ಪಕ್ಕದ ಊರಿನವನಿಗೆ ಸಿಕ್ಕಿದ್ದೇ ನಮಗೂ ಸಿಗುತ್ತದೆ ಅಂತ ಲೆಕ್ಕ ಹಾಕಿಕೊಂಡು ಸಾಲ ಮಾಡಿದವರನ್ನು ನೋಡಿದ್ದೇನೆ.

ಪಿಆರ್‌ಆರ್‌ನಂಥ ಎಂಟು ಲೇನ್ ರಸ್ತೆಗೆ ನೂರು ಮೀಟರ್ ಅಗಲ ಯಾಕೆ ಬೇಕು? ಜಮೀನು ಹೊಡೆಯುವ ಉಪಾಯ ಅಲ್ಲವಾ?

ಒಂದು ಲೇನ್ ಅಂದರೆ 3.75 ಮೀಟರ್. ಎಂಟಕ್ಕೆ 30 ಮೀಟರ್. ಇಷ್ಟೇ ಆದರೆ ನಿಮ್ಮ ಅನುಮಾನ ಸರಿ. ಅದರ ನಡುವೆ ಮೀಡಿಯನ್, ಎರಡೂ ಬದಿ ಕೆಟ್ಟ ಗಾಡಿ ನಿಲ್ಲಿಸುವ ಜಾಗ, ಏರಿಯ ಇಳಿಜಾರು, ಚರಂಡಿ, ಅದರಾಚೆ ಎರಡು ಕಡೆ ಸರ್ವಿಸ್ ರಸ್ತೆ, ನೀರಿನ ಪೈಪು, ಕರೆಂಟಿನ ಲೈನು, ಗಿಡ, ಮುಂದೆ ಮೆಟ್ರೋ ಬಂದರೆ ಅದಕ್ಕೊಂದು ಪಟ್ಟಿ, ಇವನ್ನೆಲ್ಲ ಸೇರಿಸಿದರೆ ನೂರು ಮೀಟರ್ ಹತ್ತಿರ ಬರುತ್ತದೆ. ಆದರೆ ಸರ್ವಿಸ್ ರಸ್ತೆ, ಚರಂಡಿಗಳ ಹೆಸರಲ್ಲಿ ಜಮೀನು ತೆಗೆದುಕೊಂಡ ಮೇಲೆ ಅವನ್ನೇ ಕೊನೆಗೆ ಕಟ್ಟುವುದು, ಕೆಲವು ಸಲ ಕಟ್ಟದೇ ಬಿಡುವುದು ನಮ್ಮಲ್ಲಿ ಹೊಸದಲ್ಲ. ಹಾಗಾಗಿ ಅನುಮಾನವನ್ನು ಪೂರ್ತಿ ಬಿಡಬೇಡಿ.

ಹೊಲದ ಅಳತೆಗೆ ತಂದು ನೋಡಿ. ನೂರು ಮೀಟರ್ ಅಗಲದ ರಸ್ತೆ ಒಂದು ಕಿ.ಮೀ. ಹೋದರೆ 10 ಹೆಕ್ಟೇರ್, ಅಂದರೆ 24.7 ಎಕರೆ. ಪಿಆರ್‌ಆರ್‌ಗೆ 2007ರಲ್ಲಿ ಅಂತಿಮ ಅಧಿಸೂಚನೆ ಆದದ್ದು ಸುಮಾರು 1,810 ಎಕರೆಗೆ. ನಮ್ಮ ಕಡೆ ಹಿಡುವಳಿ ಅಂದರೆ ಎಷ್ಟು? ಅಣ್ಣತಮ್ಮಂದಿರ ಭಾಗ ಆದಮೇಲೆ ಎರಡು ಎಕರೆ ಉಳಿದರೆ ಹೆಚ್ಚು. ಎರಡು ಎಕರೆ ಚೌಕದ ಹೊಲದ ಒಂದೊಂದು ಬದಿ ಹೆಚ್ಚುಕಡಿಮೆ 90 ಮೀಟರ್. ಗೆರೆ ಅದರ ನಡುವೆ ಹಾಯ್ದರೆ ಬದು ಕೂಡ ಉಳಿಯುವುದಿಲ್ಲ. ಓರೆಯಾಗಿ ಹಾಯ್ದರೆ ಎರಡು ಮೂಲೆಯಲ್ಲಿ ಎರಡು ತುಂಡು ಉಳಿಯುತ್ತವೆ. ಒಂದರಲ್ಲಿ ಬೋರ್‌ವೆಲ್, ಇನ್ನೊಂದರಲ್ಲಿ ಹಿಪ್ಪುನೇರಳೆ.

ಆ ಗೆರೆ ಎಳೆಯುವವರು ಯಾರು? ನಮ್ಮೂರ ಹತ್ತಿರ ಬಂದು ಹಾವಿನ ಹಾಗೆ ತಿರುಗಿದೆಯಲ್ಲ?

ಕಾರ್ಯಸಾಧ್ಯತಾ ವರದಿಯನ್ನು ಸಲಹಾ ಸಂಸ್ಥೆಗಳು ತಯಾರಿಸುತ್ತವೆ. ಸಾಮಾನ್ಯವಾಗಿ ಎರಡು ಮೂರು ಮಾರ್ಗ ತೋರಿಸಿ, ಉದ್ದ, ಖರ್ಚು, ಒಡೆಯಬೇಕಾದ ಮನೆಗಳು, ಅಡ್ಡ ಬರುವ ಕೆರೆ, ಕಾಡು, ಹೈಟೆನ್ಷನ್ ಲೈನುಗಳನ್ನು ತೂಗಿ ಒಂದನ್ನು ಶಿಫಾರಸು ಮಾಡುತ್ತವೆ. ಗಂಟೆಗೆ 100–120 ಕಿ.ಮೀ. ವೇಗಕ್ಕೆ ಮಾಡುವ ರಸ್ತೆಗೆ ಇಕ್ಕಟ್ಟಾದ ತಿರುವು ಕೊಡಲು ಬರುವುದಿಲ್ಲ. ಒಂದು ಕೆರೆ ತಪ್ಪಿಸಲು ಎರಡು ಕಿ.ಮೀ. ಹಿಂದಿನಿಂದಲೇ ಬಾಗಿಸಿಕೊಂಡು ಬರಬೇಕು. ಆದ್ದರಿಂದ ಎಲ್ಲ ತಿರುವೂ ಮಸಲತ್ತಲ್ಲ. ಎಲ್ಲ ತಿರುವೂ ಎಂಜಿನಿಯರಿಂಗ್ ಅಂತಲೂ ನಾನು ನಂಬುವುದಿಲ್ಲ. ನಂಬಲಿ ಅಂತಿದ್ದರೆ ಕೈಬಿಟ್ಟ ಮಾರ್ಗಗಳ ನಕ್ಷೆಯನ್ನೂ, ಕೈಬಿಟ್ಟ ಕಾರಣವನ್ನೂ ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಲಿ. ಮಾಹಿತಿ ಹಕ್ಕಿನಡಿ ಆ ಹೋಲಿಕೆಯ ಪಟ್ಟಿಯನ್ನು ಕೇಳಿ. ಜಗಳಕ್ಕಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನೋಟಿಫಿಕೇಷನ್ ಬಂತು ಅಂದರೆ ಜಮೀನು ಹೋಯಿತು ಅಂತಲೇ?

ಇಲ್ಲ, ಆದರೆ ಗಡಿಯಾರ ಓಡಲು ಶುರುವಾಯಿತು. ರಾಷ್ಟ್ರೀಯ ಹೆದ್ದಾರಿಯಾದರೆ ಮೊದಲು ಬರುವುದು ಹೆದ್ದಾರಿ ಕಾಯ್ದೆಯ 3ಎ ಕಲಮಿನ ಅಧಿಸೂಚನೆ. ಗೆಜೆಟ್ ಜೊತೆಗೆ ಎರಡು ಪತ್ರಿಕೆಗಳಲ್ಲೂ ಬರಬೇಕು, ಅದರಲ್ಲಿ ಒಂದು ಕನ್ನಡದ್ದು. ಗೆಜೆಟ್‌ನಲ್ಲಿ ಬಂದ ದಿನದಿಂದ 21 ದಿನದೊಳಗೆ ಬರವಣಿಗೆಯಲ್ಲಿ ಆಕ್ಷೇಪಣೆ ಕೊಡಬೇಕು. ಕೊಟ್ಟು ಸ್ವೀಕೃತಿ ಪಡೆಯಿರಿ, ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಆಮೇಲೆ ಒಂದು ವರ್ಷದೊಳಗೆ 3ಡಿ ಘೋಷಣೆ ಬರದಿದ್ದರೆ 3ಎ ಬಿದ್ದುಹೋಗುತ್ತದೆ. 3ಡಿ ಬಂದ ಕ್ಷಣ ಜಮೀನು ಕೇಂದ್ರ ಸರ್ಕಾರದ್ದು. ನಿಮ್ಮ ಕೈಗೆ ದುಡ್ಡು ಬಂದಿರಲಿ, ಬಿಡಲಿ. 3ಜಿಯಲ್ಲಿ ಪರಿಹಾರ ನಿಗದಿ ಆಗುತ್ತದೆ. ಒಪ್ಪಿಗೆ ಇಲ್ಲದಿದ್ದರೆ ಮಧ್ಯಸ್ಥಿಕೆಗೆ ಹೋಗಬಹುದು, ಮಧ್ಯಸ್ಥರಾಗಿ ಸಾಮಾನ್ಯವಾಗಿ ಕೂರುವವರು ಜಿಲ್ಲಾಧಿಕಾರಿ.

ಬಿಡಿಎ ಕಾಯ್ದೆಯಲ್ಲಿ 17ನೇ ಕಲಮಿನಡಿ ಪ್ರಾಥಮಿಕ, 19ನೇ ಕಲಮಿನಡಿ ಅಂತಿಮ. ಆಕ್ಷೇಪಣೆಗೆ 30 ದಿನ.

ನೋಟಿಸು ತಾತನ ಹೆಸರಿಗೆ ಬರುವುದೇ ಹೆಚ್ಚು. ತಾತ ತೀರಿಕೊಂಡು ಇಪ್ಪತ್ತು ವರ್ಷ ಆಗಿರುತ್ತದೆ, ಪೌತಿ ಖಾತೆ (ವಾರಸುದಾರರ ಹೆಸರಿಗೆ ಖಾತೆ) ಆಗಿರುವುದಿಲ್ಲ, ಪೋಡಿ (ಭಾಗದ ಪ್ರಕಾರ ಅಳತೆ ಮಾಡಿ ಬೇರೆ ನಂಬರು) ಆಗಿರುವುದಿಲ್ಲ, ಐದು ಜನ ಅಣ್ಣತಮ್ಮಂದಿರಲ್ಲಿ ಇಬ್ಬರು ಮಾತು ಬಿಟ್ಟಿರುತ್ತಾರೆ. ಪರಿಹಾರದ ದುಡ್ಡು ಕೋರ್ಟಿನಲ್ಲಿ ಠೇವಣಿಯಾಗಿ ಕೂರುವುದು ಹೀಗೆಯೇ. ರಸ್ತೆಯ ಸುದ್ದಿ ಕಿವಿಗೆ ಬಿದ್ದ ವಾರವೇ ಖಾತೆ, ಪೋಡಿ ಮುಗಿಸಿಕೊಳ್ಳಿ. ಅಕ್ಕತಂಗಿಯರ ಹೆಸರು ಬಿಡಬೇಡಿ. ಆಮೇಲೆ ಅವರು ದಾವೆ ಹೂಡಿದರೆ ತಪ್ಪು ಅವರದಲ್ಲ.

ಪಿಆರ್‌ಆರ್‌ಗೆ 2007ರಲ್ಲೇ ಅಂತಿಮ ಅಧಿಸೂಚನೆ ಆಯಿತಲ್ಲ. ರಸ್ತೆ ಎಲ್ಲಿ?

ಎಲ್ಲರೂ ಕೇಳುವ ಪ್ರಶ್ನೆ ಇದು. ಊರಾಚೆ ಹೆದ್ದಾರಿ ಮಾಡುವುದು ಹೇಗೆ ಎನ್ನುವುದಕ್ಕಿಂತ ಹೇಗೆ ಮಾಡಬಾರದು ಎನ್ನುವುದು ಇಲ್ಲಿ ಸಿಗುತ್ತದೆ.

2007ರಲ್ಲಿ ಗೆರೆ ಇತ್ತು, ದುಡ್ಡು ಇರಲಿಲ್ಲ. ಅಧಿಸೂಚನೆ ಹೊರಡಿಸಿದ ಮೇಲೆ ಜಮೀನನ್ನು ಕೊಂಡುಕೊಳ್ಳಲಿಲ್ಲ, ಬಿಡಲೂ ಇಲ್ಲ. ನಡುವೆ ನಗರ ನಿಲ್ಲಲಿಲ್ಲ. ಗೆರೆಯ ಎರಡು ಕಡೆಯೂ ಬಡಾವಣೆ ಬಂದವು, ಕೆಲವೆಡೆ ಗೆರೆಯ ಮೇಲೇ ಬಂದವು. ಕಂದಾಯ ನಿವೇಶನ ಕೊಂಡವರಲ್ಲಿ ಎಷ್ಟೋ ಮಂದಿಗೆ ಇಂಥದ್ದೊಂದು ಗೆರೆ ಇದೆ ಎಂದೇ ಗೊತ್ತಿರಲಿಲ್ಲ. ಜಮೀನಿನ ಬೆಲೆ ಏರಿದಷ್ಟೂ ಯೋಜನೆಯ ವೆಚ್ಚ ಏರಿತು, ವೆಚ್ಚ ಏರಿದಷ್ಟೂ ದುಡ್ಡು ಹೊಂದಿಸುವುದು ಮುಂದಕ್ಕೆ ಹೋಯಿತು. ಕಡೆಗೆ ಸರ್ಕಾರದ ಅಂದಾಜು 27,000 ಕೋಟಿ ರೂಪಾಯಿ ಮುಟ್ಟಿತು. ಅದರಲ್ಲಿ ಸಿಂಹಪಾಲು ಡಾಂಬರಿಗಲ್ಲ, ಜಮೀನಿಗೆ.

ಜೊತೆಗೆ ಕೋರ್ಟು. ಪರಿಸರ ಅನುಮತಿಯ ವಿಷಯ ಹಸಿರು ನ್ಯಾಯಮಂಡಳಿ ಹಾದು ಸುಪ್ರೀಂ ಕೋರ್ಟಿಗೆ ಹೋಯಿತು. 2020ರ ಮಾರ್ಚ್‌ನಲ್ಲಿ ಕೋರ್ಟು, ಪರಿಸರ ಪರಿಣಾಮದ ವರದಿಯಲ್ಲಿ ಲೋಪವಿದೆ, ಹೊಸದಾಗಿ ಅಧ್ಯಯನ ಮಾಡಿ ಎಂದಿತು. ಆಮೇಲಿನ ವರದಿಯಲ್ಲಿ ಕಡಿಯಬೇಕಾದ ಮರಗಳ ಲೆಕ್ಕ 33 ಸಾವಿರ ದಾಟಿತ್ತು. ಇನ್ನೊಂದು ಕಡೆ ರೈತರು 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಪರಿಹಾರ ಕೊಡಿ ಎಂದು ಕೇಳುತ್ತಿದ್ದರು. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಬಿಡಿಎ ಕಾಯ್ದೆಯಡಿಯ ಸ್ವಾಧೀನಕ್ಕೆ 2013ರ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಹೇಳಿತು. ಎಸ್‌ಟಿಆರ್‌ಆರ್‌ನಲ್ಲಿ ಜಮೀನು ಕಳೆದುಕೊಂಡವನಿಗೆ 2013ರ ಕಾಯ್ದೆಯ ದರ, ಪಿಆರ್‌ಆರ್‌ನಲ್ಲಿ ಕಳೆದುಕೊಂಡವನಿಗೆ ಇಲ್ಲ. ಒಂದೇ ಸಂತೆಗೆ ಹೋಗುವ ಇಬ್ಬರಿಗೆ ಎರಡು ನ್ಯಾಯ. ಕಾನೂನಿನ ತರ್ಕ ಅದೇನೇ ಇರಲಿ, ಅವರ ಮುಂದೆ ಕೂತು ಇದನ್ನು ವಿವರಿಸಲು ನನಗೆ ಇವತ್ತಿಗೂ ನಾಲಗೆ ಬರುವುದಿಲ್ಲ.

ಇಷ್ಟೂ ವರ್ಷ ಆ ಜಮೀನಿಗೆ ಏನಾಯಿತು ನೋಡಿ. ಪಹಣಿಯ 11ನೇ ಕಾಲಂನಲ್ಲಿ ಸ್ವಾಧೀನದ ಷರಾ ಕೂತರೆ ಬ್ಯಾಂಕು ಸಾಲ ಕೊಡುವುದಿಲ್ಲ. ಮಾರಲು ಹೋದರೆ ಕೇಳುವವರಿಲ್ಲ, ಕೇಳಿದರೂ ಅರ್ಧ ಬೆಲೆ. ಮನೆ ಕಟ್ಟಲು ಪರವಾನಗಿ ಇಲ್ಲ. ತೆಂಗು, ಮಾವು ಇಡಲು ಮನಸ್ಸು ಬರುವುದಿಲ್ಲ. ನಾನು ನೋಡಿದ ಒಂದು ಹೊಲದಲ್ಲಿ ಅಳತೆ ಕಲ್ಲು ನೆಟ್ಟು ಎಷ್ಟು ದಿನವಾಗಿತ್ತು ಅಂದರೆ, ಅದರ ಕೆಂಪು ಬಣ್ಣ ಉದುರಿ, ಮನೆಯ ಹೆಂಗಸರು ಅದರ ಮೇಲೆ ಕುಡುಗೋಲು ಮಸೆದು ತಲೆ ನುಣುಪಾಗಿತ್ತು. ಹತ್ತಿರ ಹೋಗಿ ಕೈಯಾಡಿಸಿದರೆ ಕೆತ್ತಿದ ಅಂಕಿ ಬೆರಳಿಗೆ ಸಿಗುತ್ತಿತ್ತೇ ಹೊರತು ಕಣ್ಣಿಗೆ ಕಾಣುತ್ತಿರಲಿಲ್ಲ. ಆ ಮನೆಯ ಮಗ ಅಳತೆಗೆ ಬಂದಾಗ ಶಾಲೆಗೆ ಹೋಗುತ್ತಿದ್ದನಂತೆ, ಈಗ ಅವನ ಮಗಳು ಹೋಗುತ್ತಿದ್ದಾಳೆ.

ರಸ್ತೆ ಬೇಡ ಎನ್ನುವವರು ಊರಲ್ಲಿ ನೀವು ತಿಳಿದಷ್ಟು ಜನ ಇಲ್ಲ. ಕೊಡುವುದಾದರೆ ಕೊಟ್ಟು ತಗೊಳ್ಳಿ, ಇಲ್ಲವಾದರೆ ಬಿಟ್ಟುಬಿಡಿ ಎನ್ನುವವರೇ ಹೆಚ್ಚು.

ಈಗ ಅಗಲ ಕಡಿಮೆ ಮಾಡಿದ್ದಾರಂತಲ್ಲ?

2025ರ ಅಕ್ಟೋಬರ್‌ನಲ್ಲಿ ಸಚಿವ ಸಂಪುಟ ಯೋಜನೆಯನ್ನು ಪರಿಷ್ಕರಿಸಿತು. ರಸ್ತೆಯ ಅಗಲ 65 ಮೀಟರ್, ಉಳಿದ 35 ಮೀಟರ್ ಪಟ್ಟಿಯನ್ನು ವಾಣಿಜ್ಯ ಬಳಕೆಗೆಂದು ಜಮೀನು ಬಿಟ್ಟವರಿಗೇ ಕೊಡುವುದು ಅದರ ತಿರುಳು. ನಗದು ಬೇಡದವರಿಗೆ ಟಿಡಿಆರ್, ಅಭಿವೃದ್ಧಿಪಡಿಸಿದ ಜಾಗ ಮುಂತಾದ ಆಯ್ಕೆಗಳೂ ಇವೆ.

ನಗದು ತೆಗೆದುಕೊಳ್ಳಲಾ, ಟಿಡಿಆರ್ ತೆಗೆದುಕೊಳ್ಳಲಾ, ಜಾಗ ತೆಗೆದುಕೊಳ್ಳಲಾ?

ಟಿಡಿಆರ್ ಅಂದರೆ ಬೇರೆ ಕಡೆ ಹೆಚ್ಚುವರಿ ಕಟ್ಟಡ ಕಟ್ಟುವ ಹಕ್ಕಿನ ಪತ್ರ. ನೀವು ಕಟ್ಟಡ ಕಟ್ಟುವವರಲ್ಲದಿದ್ದರೆ ಅದನ್ನು ಬಿಲ್ಡರಿಗೆ ಮಾರಬೇಕು. ಎಲ್ಲರೂ ಒಂದೇ ಸಲ ಮಾರಲು ಹೊರಟರೆ ಟೊಮೆಟೊ ದರದ ಕಥೆ ನಿಮಗೆ ನಾನು ಹೇಳಬೇಕಾಗಿಲ್ಲ. ಕಾಯುವ ತಾಕತ್ತಿರುವವರಿಗೆ ಅಭಿವೃದ್ಧಿಪಡಿಸಿದ ಜಾಗ ಒಳ್ಳೆಯದು, ಆದರೆ ಅದು ಎಲ್ಲಿ, ಯಾವಾಗ, ರಸ್ತೆಗೆ ಮುಖ ಮಾಡಿರುತ್ತದೋ ಹಿಂದಿನ ಸಾಲಿನಲ್ಲೋ ಎಂಬುದು ಬರವಣಿಗೆಯಲ್ಲಿ ಇರಬೇಕು. ಮನೆಯಲ್ಲಿ ಕಾಯಿಲೆಯವರಿದ್ದರೆ, ಸಾಲ ಇದ್ದರೆ, ಮಗಳ ಮದುವೆ ಎದುರಿಗಿದ್ದರೆ ನಗದು. ಇದು ನನ್ನ ಅಭಿಪ್ರಾಯ ಅಷ್ಟೇ.

2013ರ ಕಾಯ್ದೆ ಅನ್ವಯಿಸುವ ಕಡೆ ಇನ್ನೊಂದು ಸಂಗತಿ. ಮಾರುಕಟ್ಟೆ ಬೆಲೆಯನ್ನು ಮಾರ್ಗಸೂಚಿ ದರ ಮತ್ತು ಸುತ್ತಮುತ್ತ ಹಿಂದಿನ ಮೂರು ವರ್ಷ ನೋಂದಣಿಯಾದ ಕ್ರಯಗಳನ್ನು ನೋಡಿ ಲೆಕ್ಕ ಹಾಕುತ್ತಾರೆ. ಹಳ್ಳಿಯ ಜಮೀನಾದರೆ ಅದನ್ನು ಒಂದರಿಂದ ಎರಡರವರೆಗಿನ ಗುಣಕದಿಂದ ಹೆಚ್ಚಿಸಿ, ಮೇಲೆ ಶೇ. 100ರಷ್ಟು ಸೊಲೇಶಿಯಂ (ಒತ್ತಾಯದ ಸ್ವಾಧೀನಕ್ಕೆ ಕೊಡುವ ಹೆಚ್ಚುವರಿ ಮೊತ್ತ) ಸೇರಿಸುತ್ತಾರೆ. ಮುದ್ರಾಂಕ ಶುಲ್ಕ ಉಳಿಸಲು ಎರಡು ಕೋಟಿಯ ವ್ಯವಹಾರವನ್ನು ಕಾಗದದಲ್ಲಿ ಮೂವತ್ತು ಲಕ್ಷ ಅಂತ ಬರೆಸಿದ್ದು ಈಗ ಊರಿಗೆಲ್ಲ ಬಡಿಯುತ್ತದೆ. ಬರೆಸಿದವನೊಬ್ಬ, ಅನುಭವಿಸುವವರು ಅಕ್ಕಪಕ್ಕದ ಇಪ್ಪತ್ತು ಜನ.

ಹೊಲ ಎರಡು ತುಂಡಾದರೆ ಅದರ ನಷ್ಟಕ್ಕೂ ಪರಿಹಾರ ಕೇಳುವ ಹಕ್ಕು ಹೆದ್ದಾರಿ ಕಾಯ್ದೆಯಲ್ಲೇ ಇದೆ. ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ.

ರಸ್ತೆ ಪಕ್ಕದಲ್ಲೇ ಜಮೀನು ಉಳಿಯಿತು. ಅದೃಷ್ಟ ಖುಲಾಯಿಸಿತು ಅಲ್ಲವಾ?

ಹಳೆಯ ಹೆದ್ದಾರಿಯಾದರೆ ಹೌದು. ಪಕ್ಕದಲ್ಲೇ ಡಾಬಾ, ಪಂಕ್ಚರ್ ಅಂಗಡಿ, ಎಳನೀರು. ಎಕ್ಸ್‌ಪ್ರೆಸ್‌ವೇಗೆ ಬೇಲಿ ಇರುತ್ತದೆ. ಹತ್ತುವುದು, ಇಳಿಯುವುದು ಇಂಟರ್‌ಚೇಂಜ್‌ನಲ್ಲಿ ಮಾತ್ರ. ನಿಮ್ಮ ಹೊಲದಿಂದ ರಸ್ತೆ ಹತ್ತು ಹೆಜ್ಜೆ ಇರಬಹುದು, ಅದರ ಮೇಲೆ ಗಾಡಿ ಹತ್ತಿಸಲು ಎಂಟು ಕಿ.ಮೀ. ಹೋಗಬೇಕಾದೀತು. ಆದ್ದರಿಂದ ಬೆಲೆ ಏರುವುದು ಇಂಟರ್‌ಚೇಂಜ್ ಸುತ್ತ, ಸರ್ವಿಸ್ ರಸ್ತೆ ಇದ್ದರೆ ಅದರ ಉದ್ದಕ್ಕೆ. ನಡುವಿನ ಊರುಗಳಿಗೆ ಸಿಗುವುದು ಸದ್ದು, ಧೂಳು ಮತ್ತು ಒಂದು ಅಂಡರ್‌ಪಾಸ್.

ಅಂಡರ್‌ಪಾಸ್ ಬಗ್ಗೆ ಎರಡು ಮಾತು ಹೆಚ್ಚೇ ಹೇಳುತ್ತೇನೆ. ನಕ್ಷೆಯಲ್ಲಿ ಅದೊಂದು ಸಣ್ಣ ಗುರುತು. ಊರಿಗೆ ಅದೇ ಶಾಲೆ, ಸ್ಮಶಾನ, ಡೇರಿ, ಹೊಲ. ತೂತಿನ ಎತ್ತರ ಕಡಿಮೆ ಮಾಡಿದರೆ ಹುಲ್ಲು ಹೇರಿದ ಟ್ರ್ಯಾಕ್ಟರ್ ಹೋಗುವುದಿಲ್ಲ. ತಗ್ಗಿನಲ್ಲಿ ಮಾಡಿದರೆ ಮಳೆಗಾಲದಲ್ಲಿ ಮೊಣಕಾಲುದ್ದ ನೀರು. ದೂರ ಮಾಡಿದರೆ ಜನ ಬೇಲಿ ಕತ್ತರಿಸುತ್ತಾರೆ. ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಗಿ ವಾರ ಕಳೆಯುವುದರೊಳಗೆ ರಾಮನಗರದ ಹತ್ತಿರ ಮಳೆನೀರು ನಿಂತಿತು. ಪಕ್ಕದ ಊರಿನವರು ಹೊಲಕ್ಕೆ ಹತ್ತಿರದ ದಾರಿ ಮಾಡಿಕೊಳ್ಳಲು ಚರಂಡಿಗೆ ಮಣ್ಣು ತುಂಬಿದ್ದರು ಎಂದು ಹೆದ್ದಾರಿಯವರು ವಿವರಣೆ ಕೊಟ್ಟರು. ಅವರು ಹೇಳಿದ್ದು ನಿಜವೇ ಆಗಿರಲಿ. ಊರಿನವರು ಮಣ್ಣು ತಂದು ಚರಂಡಿ ಮುಚ್ಚಿದರು ಅಂದರೆ, ದಾರಿ ಎಲ್ಲಿ ಬೇಕಿತ್ತು ಎಂದು ಅವರನ್ನು ಯಾರೂ ಮೊದಲೇ ಕೇಳಿರಲಿಲ್ಲ ಅಂತಲೇ ಅರ್ಥ.

ಬೈಕಿಗೆ ಯಾಕೆ ಬಿಡುವುದಿಲ್ಲ? ನಮ್ಮ ಜಮೀನಿನಲ್ಲೇ ರಸ್ತೆ, ನಮಗೇ ಇಲ್ಲವಾ?

ವೇಗದ ವ್ಯತ್ಯಾಸ ಕಾರಣ. ನೂರರಲ್ಲಿ ಬರುವ ಕಾರು, ನಲವತ್ತರಲ್ಲಿ ಹೋಗುವ ಮೊಪೆಡ್ ಒಂದೇ ಲೇನಿನಲ್ಲಿದ್ದರೆ ಸಾಯುವವನು ಮೊಪೆಡ್‌ನವನು. ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್ ನಿಷೇಧಿಸಿದ್ದು ಸಾಲು ಸಾಲು ಸಾವು ನೋಡಿದ ಮೇಲೆಯೇ. ನಿಷೇಧ ಸರಿ. ಆದರೆ ಆಗ ಸರ್ವಿಸ್ ರಸ್ತೆ ಮುರಿಯದೆ ಉದ್ದಕ್ಕೂ ಇರಬೇಕು. ಸೇತುವೆ ಬಂದಲ್ಲಿ, ರೈಲ್ವೆ ಹಳಿ ಬಂದಲ್ಲಿ ಸರ್ವಿಸ್ ರಸ್ತೆ ಹಠಾತ್ತನೆ ಮುಗಿದರೆ ಬೈಕಿನವನು ಹಾರಿ ಹೋಗಲಾರ.

ಇಷ್ಟೆಲ್ಲ ಆದಮೇಲೆ ಬೆಂಗಳೂರಿನ ಟ್ರಾಫಿಕ್ ಕಡಿಮೆಯಾಗುತ್ತದಾ?

ಲಾರಿಗಳ ಮಟ್ಟಿಗೆ ಹೌದು. ಚೆನ್ನೈನಿಂದ ಪುಣೆಗೆ ಹೋಗುವ ಕಂಟೇನರ್‌ಗೆ ಹೆಬ್ಬಾಳದಲ್ಲಿ ಏನೂ ಕೆಲಸವಿಲ್ಲ.

ಉಳಿದಂತೆ ಹೊರ ವರ್ತುಲ ರಸ್ತೆಯ ಕಥೆ ನೆನಪಿಸಿಕೊಳ್ಳಿ. 2002ರ ಹೊತ್ತಿಗೆ ಅದು ಮುಗಿದಾಗ ಮಾರತಹಳ್ಳಿ, ಬೆಳ್ಳಂದೂರಿನ ಕಡೆ ರಾಗಿ ಹೊಲ ಕಾಣುತ್ತಿತ್ತು. ಊರನ್ನು ಬಳಸಿ ಹೋಗಲು ಮಾಡಿದ ರಸ್ತೆ ಅದು. ಐಟಿ ಪಾರ್ಕುಗಳು ರಸ್ತೆಯನ್ನೇ ಹುಡುಕಿಕೊಂಡು ಬಂದವು, ಅವಕ್ಕೆ ಅಲ್ಲೇ ಅನುಮತಿಯೂ ಸಿಕ್ಕಿತು. ಹತ್ತು ಹದಿನೈದು ವರ್ಷದಲ್ಲಿ ಬಳಸು ದಾರಿಯೇ ಊರಿನ ನಟ್ಟನಡುವಾಯಿತು. ಈಗ ಅದರ ಮೇಲೆ ಮೆಟ್ರೋ ಕಟ್ಟುತ್ತಿದ್ದಾರೆ. ಅಮೆರಿಕದ ನಗರಗಳ ಲೆಕ್ಕ ಹಿಡಿದು 2011ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ತೋರಿಸಿದ್ದೂ ಇದನ್ನೇ. ಹೆದ್ದಾರಿಯ ಉದ್ದ ಎಷ್ಟು ಹೆಚ್ಚಿದರೆ ಅದರ ಮೇಲಿನ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಹೆಚ್ಚುತ್ತದೆ.

ಹಾಗಾಗಿ ರಸ್ತೆಯ ಗೆರೆ ಎಳೆದ ದಿನವೇ ಅದರ ಪಕ್ಕದಲ್ಲಿ ಏನು ಕಟ್ಟಬಹುದು, ಏನು ಕೂಡದು ಎಂಬ ಗೆರೆಯನ್ನೂ ಎಳೆಯಬೇಕು. ಬೆಂಗಳೂರಿಗೆ ಆ ಅದೃಷ್ಟ ಇಲ್ಲ. 2007ರಲ್ಲಿ ಒಪ್ಪಿಗೆಯಾದ, 2015ರವರೆಗಿನ ಮಹಾಯೋಜನೆಯೇ (ಮಾಸ್ಟರ್ ಪ್ಲ್ಯಾನ್) ಅವಧಿ ಮುಗಿದರೂ ನಡೆದುಕೊಂಡು ಬಂತು. 2031ರವರೆಗಿನ ಯೋಜನೆಗೆ 2017ರಲ್ಲಿ ಕರಡು ಬಂದು, 2020ರಲ್ಲಿ ವಾಪಸಾಯಿತು.

ಬೇರೆ ಊರಿನವರು ಹೇಗೆ ಮಾಡಿದರು?

ಹೈದರಾಬಾದಿನ ಹೊರ ವರ್ತುಲ ರಸ್ತೆ 158 ಕಿ.ಮೀ., ಎಂಟು ಲೇನ್, ಎರಡೂ ಬದಿ ಸರ್ವಿಸ್ ರಸ್ತೆ, 2018ರಲ್ಲಿ ಸುತ್ತು ಪೂರ್ತಿಯಾಯಿತು. ನಾವು ಕಡತ ತಿರುವುತ್ತಿದ್ದ ವರ್ಷಗಳಲ್ಲೇ ಅವರು ಕಟ್ಟಿ ಮುಗಿಸಿದರು. 2023ರಲ್ಲಿ ಅದರ ಟೋಲನ್ನು 30 ವರ್ಷಕ್ಕೆ 7,380 ಕೋಟಿಗೆ ಗುತ್ತಿಗೆ ಕೊಟ್ಟರು. ಬೆಲೆ ಸರಿಯೇ ಎಂಬ ಜಗಳ ಅಲ್ಲೂ ನಡೆಯಿತು, ಅದು ಬೇರೆ ಮಾತು.

ನನಗೆ ಹೆಚ್ಚು ಹಿಡಿಸುವುದು ಅಹಮದಾಬಾದಿನದ್ದು. ಅಲ್ಲಿನ 76 ಕಿ.ಮೀ. ವರ್ತುಲ ರಸ್ತೆಗೆ ಬೇಕಾದ ಜಮೀನಿನ ಹೆಚ್ಚಿನ ಪಾಲು ಬಂದದ್ದು ನಗರ ಯೋಜನಾ ಸ್ಕೀಮುಗಳಿಂದ. ಒಂದು ಪ್ರದೇಶದ ಎಲ್ಲರ ಜಮೀನನ್ನೂ ಕಾಗದದ ಮೇಲೆ ಒಟ್ಟು ಮಾಡಿ, ರಸ್ತೆ, ಶಾಲೆ, ಉದ್ಯಾನಕ್ಕೆ ಪಾಲು ತೆಗೆದು, ಉಳಿದದ್ದನ್ನು ಚಿಕ್ಕದಾದರೂ ಓರಣವಾದ ನಿವೇಶನವಾಗಿ ಆಯಾ ಮಾಲೀಕರಿಗೇ ಹಂಚುವ ಪದ್ಧತಿ ಅದು. ಗೆರೆ ಯಾರ ಹೊಲದ ಮೇಲೆ ಬಿದ್ದರೂ ಭಾರ ಊರಿಗೆಲ್ಲ ಹಂಚಿಹೋಗುತ್ತದೆ. ನಮ್ಮಲ್ಲಿ ಗೆರೆಯ ಮೇಲಿದ್ದವನು ಪೂರ್ತಿ ಕಳೆದುಕೊಳ್ಳುತ್ತಾನೆ, ಇನ್ನೂರು ಮೀಟರ್ ಆಚೆಯವನು ಏನೂ ಕೊಡದೆ ಕೋಟ್ಯಧಿಪತಿ ಆಗುತ್ತಾನೆ. ಊರಲ್ಲಿ ಇಬ್ಬರೂ ಒಂದೇ ಅರಳಿಕಟ್ಟೆಯ ಮೇಲೆ ಕೂರಬೇಕು.

ನಿವೇಶನ ಕೊಳ್ಳಬೇಕೆಂದಿದ್ದೇವೆ. ಏನು ನೋಡಬೇಕು?

"ಉದ್ದೇಶಿತ ರಿಂಗ್ ರೋಡಿಗೆ 5 ನಿಮಿಷ" ಎಂಬ ಬ್ಯಾನರ್ ಕಂಡರೆ, ರಸ್ತೆಗೆ ಹತ್ತಿರವೋ ರಸ್ತೆಯ ಮೇಲೆಯೋ ಅಂತ ಮೊದಲು ಕೇಳಿ. ಸರ್ವೆ ನಂಬರ್ ತೆಗೆದುಕೊಳ್ಳಿ. ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಜಾಗದ ಮೇಲೇ ನಿಂತು ಆ ನಂಬರು ಅದೇನಾ ಎಂದು ನೋಡಿ. ಆಮೇಲೆ ಪಹಣಿಯ 11ನೇ ಕಾಲಂ, ಗ್ರಾಮನಕ್ಷೆ, ಇಸಿ (ಋಣಭಾರ ಪತ್ರ), ಭೂಸ್ವಾಧೀನ ಕಚೇರಿಯಿಂದ ಹಿಂಬರಹ. ಇಸಿಯಲ್ಲಿ ಏನೂ ಇಲ್ಲ ಅಂದಮಾತ್ರಕ್ಕೆ ನೆಮ್ಮದಿಯಾಗಬೇಡಿ, ಸ್ವಾಧೀನದ ಅಧಿಸೂಚನೆ ಅದರಲ್ಲಿ ಕಾಣದೆಯೂ ಇರಬಹುದು. ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮೇಲೆ ಮಾರುತ್ತೇವೆ ಅಂದರೆ ಎದ್ದು ಬನ್ನಿ.

ಮುಂದಿನ ವಾರ ಅಹವಾಲು ಸಭೆ ಇದೆ. ಹೋಗಿ ಏನು ಮಾಡಲಿ?

ಪರಿಹಾರದ ಮೊತ್ತದ ಬಗ್ಗೆ ಎಲ್ಲರೂ ಕೂಗುತ್ತಾರೆ, ನೀವು ಕೂಗದಿದ್ದರೂ ನಡೆಯುತ್ತದೆ. ಊರಿನ ಗ್ರಾಮನಕ್ಷೆಯ ಜೆರಾಕ್ಸ್ ಒಂದನ್ನು ದೊಡ್ಡದಾಗಿ ಮಾಡಿಸಿಕೊಂಡು ಹೋಗಿ. ಹಿಂದಿನ ದಿನ ಸಂಜೆ ಡೇರಿಗೆ ಹಾಲು ಹಾಕಲು ಬರುವ ಹೆಂಗಸರ ಹತ್ತಿರ ನಿಂತು, ಯಾರು ಯಾವ ದಾರಿಯಲ್ಲಿ ಹೊಲಕ್ಕೆ ಹೋಗುತ್ತಾರೆ, ದನ ಎಲ್ಲಿ ದಾಟುತ್ತವೆ, ಕೆರೆಗೆ ನೀರು ಬರುವ ರಾಜಕಾಲುವೆ ಯಾವುದು, ಕೋಡಿ ಬಿದ್ದರೆ ನೀರು ಎತ್ತ ಹರಿಯುತ್ತದೆ ಎಂದು ಕೇಳಿ ನಕ್ಷೆಯ ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ. ಸಭೆಯಲ್ಲಿ ಅದನ್ನು ಮೇಜಿನ ಮೇಲೆ ಹರಡಿ, ಇಲ್ಲಿ ಅಂಡರ್‌ಪಾಸ್ ಬೇಕು, ಎತ್ತರ ಇಷ್ಟು, ಇಲ್ಲಿ ಮೋರಿ ಬೇಕು, ಅಗಲ ಇಷ್ಟು ಎಂದು ಹೇಳಿ. ಹೇಳಿದ್ದು ನಡಾವಳಿಯಲ್ಲಿ ಬರೆದುಕೊಂಡರೋ ನೋಡಿ, ನಕ್ಷೆಯ ಒಂದು ಪ್ರತಿಗೆ ಸೀಲು ಹಾಕಿಸಿಕೊಂಡು ಮನೆಗೆ ತನ್ನಿ. ಒಂದು ಊರಿನಲ್ಲಿ ಹೀಗೆ ಮಾಡಿ, ಮೊದಲಿನ ನಕ್ಷೆಯಲ್ಲಿ ಇಲ್ಲದ ಒಂದು ಅಂಡರ್‌ಪಾಸ್ ಹಾಕಿಸಿಕೊಂಡಿದ್ದಾರೆ. ಮೊನ್ನೆ ಆ ದಾರಿಯಲ್ಲಿ ಹೋದಾಗ ಒಬ್ಬಾಕೆ ಎರಡು ಎಮ್ಮೆ ಹೊಡೆದುಕೊಂಡು ಅದರೊಳಗಿಂದ ಬರುತ್ತಿದ್ದರು. ನೆಲ ಒಣಗಿತ್ತು.